ಬಿರುಕಿಲ್ಲದ ಗೋಡೆಯ ತಪಾಸನೀಸರು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದವಕ್ಕಿಂತ ಉದ್ದವಾಗಿತ್ತು, ಹಳದಿಗಟ್ಟಿತ್ತು, ತುದಿಯಲ್ಲಿ ಸ್ವಲ್ಪ ಬಾಗಿತ್ತು. ಓದುವಾಗ ಆ ಉಗುರನ್ನು ಪ್ರತಿ ಸಾಲಿನ ಕೆಳಗೂ ಒತ್ತಿ ಎಳೆಯುತ್ತಿದ್ದರು. ಮಸಿಯಿಲ್ಲ, ಪೆನ್ಸಿಲ್ ಇಲ್ಲ. ಆದರೂ ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅವರು ಎಲ್ಲಿ ನಿಂತಿದ್ದರು, ಯಾವ ಸಾಲನ್ನು ಎರಡು ಸಲ ಓದಿದ್ದರು ಎಂಬುದೆಲ್ಲ ಗೆರೆಗೆರೆಯಾಗಿ ಕಾಣುತ್ತಿತ್ತು. ನನ್ನ ವರದಿಗಳು ಅವರ ಮೇಜಿನಿಂದ ಹಿಂದಿರುಗಿದಾಗಲೆಲ್ಲ ನಾನು ಮೊದಲು ಕಿಟಕಿಯ ಬಳಿ ಹೋಗಿ ಗಾಯ ಎಲ್ಲೆಲ್ಲಿ ಆಗಿದೆ ಎಂದು ನೋಡುತ್ತಿದ್ದೆ.

ಬಲಗೈ ಎಂದೆ. ಬಲಗೈಯಲ್ಲಿ ಪೆನ್ನು ಇರುತ್ತಿತ್ತಲ್ಲ, ಹಾಗಾದರೆ ಉಗುರು ಎಡಗೈಯದಾಗಿರಬೇಕು. ಇಂಥ ಸಣ್ಣ ವಿಷಯದಲ್ಲೇ ನನ್ನ ನೆನಪು ಹೀಗೆ ಕಾಲು ಜಾರುತ್ತದೆ. ಮುಂದೆ ಬರೆಯುವುದನ್ನು ಓದುವವರು ಈ ಉಗುರನ್ನು ಗಮನದಲ್ಲಿಟ್ಟುಕೊಂಡು ಓದುವುದು ಒಳ್ಳೆಯದು. ಆದರೆ ಒಂದು ವಿಷಯದಲ್ಲಿ ನನಗೆ ಅನುಮಾನವಿಲ್ಲ: ನನಗೆ ಆ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

ಅವರು ಸರಕಾರದ ಲೆಕ್ಕ ಪರೀಕ್ಷೆ ಮಾಡುವವರು. ಮರಾಠಿಯಲ್ಲಿ ಅಂಥವರಿಗೆ ತಪಾಸನೀಸ ಎನ್ನುತ್ತಾರೆ. ನಾವು ಕನ್ನಡದವರೂ ಅವರನ್ನು ತಪಾಸನೀಸರು ಎಂದೇ ಕರೆಯುತ್ತಿದ್ದೆವು. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದವು. ಗೋದಾವರಿಗೆ ಮಹಾಪೂರ ಬಂದು ನಾಶಿಕದ ನದಿದಂಡೆಯ ಪೇಟೆಗಳು ಮುಳುಗಿದ ವರ್ಷ, ನದಿ ಹರಿಯುವ ಜಿಲ್ಲೆಗಳ ಪರಿಹಾರದ ಬಿಲ್ಲುಗಳನ್ನು ಒಂದೇ ಕಡೆ ಪರೀಕ್ಷಿಸಲು ಔರಂಗಾಬಾದಿನಲ್ಲಿ ಒಂದು ತಾತ್ಕಾಲಿಕ ಕಚೇರಿ ತೆರೆದರು. ಅದಕ್ಕೆ ಇವರನ್ನು ಕೂಡಿಸಿದರು. ಬೀದರ್ ಜಿಲ್ಲೆಯವರು. ನಿಜಾಮನ ಕಾಲದಲ್ಲಿ ಕಾರಕೂನರಾಗಿ ಸೇರಿದವರು. ರಾಜ್ಯಗಳು ಹಂಚಿಹೋದಾಗ ಇವರ ಹೆಸರು ಔರಂಗಾಬಾದಿನ ಪಟ್ಟಿಯಲ್ಲಿ ಉಳಿಯಿತಂತೆ. ತಿರುಗಿ ಕರ್ನಾಟಕಕ್ಕೆ ಹೋಗುತ್ತೇನೆಂದು ಅರ್ಜಿ ಹಾಕಬಹುದಿತ್ತು, ಅನೇಕರು ಹಾಕಿದರು. ಇವರು ಹಾಕಲಿಲ್ಲ. ಯಾಕೆಂದು ಯಾರೋ ಕೇಳಿದ್ದಕ್ಕೆ, "ಪಟ್ಟಿ ತಪ್ಪಿದ್ದಿಲ್ಲ" ಎಂದರಂತೆ.

ನಾನು ಆಗ ನಾಶಿಕದಲ್ಲಿ ಕಿರಿಯ ಇಂಜಿನಿಯರ್. ಕಲಬುರ್ಗಿ ಕಡೆಯವನು. ಕಾಲೇಜು ಬಿಟ್ಟು ಎರಡು ವರ್ಷವಾಗಿತ್ತು, ನೌಕರಿ ಇನ್ನೂ ಪ್ರೊಬೇಷನ್ನಿನಲ್ಲಿತ್ತು. ನೀರು ಇಳಿದ ಮೇಲೆ ನದಿದಂಡೆಯ ಶಾಲೆ, ದವಾಖಾನೆಗಳನ್ನು ಒಂದೊಂದಾಗಿ ನೋಡಿ, ಜನ ಒಳಗೆ ಹೋಗಬಹುದೋ ಇಲ್ಲವೋ ಎಂದು ಬರೆದುಕೊಡುವ ಕೆಲಸ ನನಗೆ ಬಂತು. ಕಚೇರಿಯಲ್ಲಿ ಇದ್ದದ್ದು ಒಂದು ಟೇಪು, ಒಂದು ತೂಗುಗುಂಡು. ಹಾಗಾಗಿ ನಾನು ದಿನಗೂಲಿಯ ಮೇಲೆ ಗೋಡೆ ಕಟ್ಟುವ ಒಬ್ಬ ಗೌಂಡಿಯನ್ನು ಕರೆದುಕೊಂಡೆ.

ಆ ಗೌಂಡಿ ಆಳಂದದ ಕಡೆಯವನು. ಹೆಂಡತಿ, ಎರಡು ಹೆಣ್ಣುಮಕ್ಕಳೊಂದಿಗೆ ದೇವಳಾಲಿ ಕ್ಯಾಂಪಿನ ಹಿಂದೆ ಒಂದು ತಗಡಿನ ಖೋಲಿಯಲ್ಲಿದ್ದ. ಸುತ್ತಿಗೆಯ ಹಿಡಿಯಿಂದ ಗೋಡೆಗೆ ಮೆಲ್ಲಗೆ ಬಡಿದು, ಕಿವಿ ಹಚ್ಚಿ, ಒಳಗಿನ ಮಣ್ಣು ಕರಗಿದೆಯೋ ಇಲ್ಲವೋ ಹೇಳುತ್ತಿದ್ದ. "ಇದು ಟೊಳ್ಳ ಅದ ನೋಡ್ರಿ ಸಾಹೇಬ್ರ, ಹೊಟ್ಟಿ ಹಸದೋರ ಗತೆ ಸಪ್ಪಳ ಮಾಡ್ತದ" ಎನ್ನುತ್ತಿದ್ದ. ಪರೀಕ್ಷೆಗಾಗಿ ಒಂದೆರಡು ಕಡೆ ಒಡೆಸಿ ನೋಡಿದೆ. ಅವನು ಹೇಳಿದಲ್ಲೆಲ್ಲ ಟೊಳ್ಳು ಇತ್ತು. ಏನನ್ನೂ ಸುಲಭವಾಗಿ ನಂಬದ ನಾನು ಅವನ ಕಿವಿಯನ್ನು ನಂಬಿದೆ.

ನದಿಗೆ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಅವನು ಬಿದ್ದ. ಹೆಂಚಿನ ಮಾಡು, ಕಲ್ಲುಗೋಡೆ. ಮಾಡು ಗೋಡೆಯ ಮೇಲೆ ಕೂರುವ ಜಾಗವನ್ನು ಬಡಿದು ನೋಡಲು ಏಣಿ ಹತ್ತಿದ್ದ. ಮೂರು ಕಡೆ ಬಡಿದ. "ಗಟ್ಟಿ ಅದರಿ" ಎಂದ. ನಾನು ಪುಸ್ತಕದಲ್ಲಿ 'ಗೋಡೆ ಸುಸ್ಥಿತಿ' ಎಂದು ಬರೆಯುತ್ತಿದ್ದೆ. ಕೆಸರಿನ ನೆಲದಲ್ಲಿ ಏಣಿಯ ಬುಡ ಸರಿಯಿತು. ತೊಡೆಯ ಮೂಳೆ ಮುರಿಯಿತು.

ಸರಕಾರಿ ದವಾಖಾನೆಯಲ್ಲಿ ಹಾಸಿಗೆ ಸಿಕ್ಕಿತು. ಆದರೆ ಮೂಳೆಯೊಳಗೆ ಕೂರಿಸುವ ಉಕ್ಕಿನ ಸಲಾಕೆ ಹೊರಗಿನಿಂದ ಬರಬೇಕು, ಅದೂ ಬೇಗ ಬರಬೇಕು, ಇಲ್ಲದಿದ್ದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಆಮೇಲೆ ಇವನು ಏಣಿ ಹತ್ತುವುದನ್ನು ಮರೆಯಬೇಕು ಎಂದರು ಡಾಕ್ಟರು. ನಾವು ಕಚೇರಿಯವರು ಕೂಡಿಸಿದ ಹಣ ಅವನ ಮನೆಯ ಜೋಳಕ್ಕೆ ಹೋಯಿತು. ಸಲಾಕೆಯ ಖರ್ಚು ಮತ್ತು ಮಲಗಿದ ದಿನಗಳ ಕೂಲಿ ಪರಿಹಾರ ನಿಧಿಯಿಂದ ಸಿಗಬೇಕೆಂದು ನಾನು ಬಿಲ್ಲು ಮಾಡಿ, ಶಾಲೆಯ ವರದಿಯ ಜೊತೆ ಔರಂಗಾಬಾದಿಗೆ ಕಳಿಸಿದೆ. ಹತ್ತು ದಿನಕ್ಕೆ ತಿರುಗಿ ಬಂತು. ಉಗುರಿನ ಗೆರೆ 'ಸುಸ್ಥಿತಿ' ಎಂಬ ಶಬ್ದದ ಕೆಳಗಿತ್ತು, ಎರಡು ಸಲ. ಅಂಚಿನಲ್ಲಿ ಕೆಂಪು ಮಸಿಯಲ್ಲಿ ಒಂದು ಸಾಲು: ಈ ಪರಿಶೀಲನೆ ಮರುಪಾವತಿಗೆ ಅರ್ಹವಲ್ಲ.

ಯೇವಲಾ, ವೈಜಾಪುರ ದಾಟಿ ಬಸ್ಸಿನಲ್ಲಿ ಔರಂಗಾಬಾದಿಗೆ ಹೋದೆ. ನಿಜಾಮರ ಕಾಲದ ಎತ್ತರದ ಚಾವಣಿಯ ಕಟ್ಟಡ, ಪಾರಿವಾಳದ ವಾಸನೆ. ತಪಾಸನೀಸರಿಗೆ ಕಪ್ಪು ಟೋಪಿ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಗುಂಡಿ ಕುತ್ತಿಗೆಯವರೆಗೆ ಹಾಕಿದ ಅಂಗಿ. ಅವರ ಮೇಜಿನ ಮುಂದೆ ಎರಡನೆಯ ಕುರ್ಚಿ ಇರಲಿಲ್ಲ. ಬಂದವರು ಕೂತರೆ ಮಾತು ಉದ್ದವಾಗುತ್ತದೆಂದು ಅವರೇ ತೆಗೆಸಿದ್ದರಂತೆ.

"ನಮಸ್ಕಾರ್ರಿ. ನೀವು ನಮ್ಮ ಕಡೆಯವ್ರು ಅಂತ ಕೇಳಿ ಬಂದೀನ್ರಿ" ಎಂದೆ.

"ಬಿಲ್ಲಿಗೆ ಊರು ಇರುವುದಿಲ್ಲ" ಎಂದರು ಮರಾಠಿಯಲ್ಲಿ. ನಾನು ಕನ್ನಡ ಮಾತಾಡಿದ್ದಕ್ಕೆ ಪೇಚಾಗಲೆಂದೇ ಮರಾಠಿ. ನಾನು ಬಿಲ್ಲು ತೆಗೆದು ಇಟ್ಟ ಮೇಲೆ ತಾವಾಗಿಯೇ ಕನ್ನಡಕ್ಕೆ ಬಂದರು: "ಪ್ರಶ್ನಾ ಬರದ ತಂದೀರೇನು?"

ಇದು ಅವರ ಪದ್ಧತಿ. ಬಾಯಿಮಾತಿನ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ಕೊಡಬೇಕು. ಬರೆದಷ್ಟಕ್ಕೇ ಉತ್ತರ. ಒಬ್ಬ ಓವರ್‌ಸೀಯರ್ 'ಈ ಬಿಲ್ಲು ಇಂದು ಪಾಸಾಗುತ್ತದೆಯೇ?' ಎಂದು ಬರೆದು ಕೊಟ್ಟನಂತೆ. 'ಇಲ್ಲ' ಎಂದು ಬಂತು. ಅವನು ಮರುದಿನ ಬಂದು ಅದನ್ನೇ ಬರೆದ. 'ಇಲ್ಲ.' ಹೀಗೆ ನಾಲ್ಕು ದಿನ. ಬಿಲ್ಲಿನಲ್ಲಿ ಒಂದು ಸಹಿ ಇಲ್ಲವೆಂಬುದನ್ನು ಅವರು ಮೊದಲ ದಿನವೇ ನೋಡಿದ್ದರು. ಯಾಕೆ ಪಾಸಾಗುವುದಿಲ್ಲವೆಂದು ಅವನು ಕೇಳಿರಲಿಲ್ಲ. ಈ ಕತೆಯನ್ನು ಅಲ್ಲಿಯ ಜವಾನ ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

ನಾನು ಚೀಟಿ ಬರೆದೆ: ಗೌಂಡಿಯ ಚಿಕಿತ್ಸೆಗೆ ಪರಿಹಾರ ನಿಧಿಯಿಂದ ಹಣ ಸಿಗುತ್ತದೆಯೇ, ಇಲ್ಲದಿದ್ದರೆ ಯಾಕೆ?

ಅವರು ಒಂದು ಸುತ್ತೋಲೆ ತೆಗೆದು ನನ್ನತ್ತ ತಿರುಗಿಸಿದರು. ಹಾನಿಯಾದ ಕಟ್ಟಡದ ದುರಸ್ತಿಗಾಗಿ ಮಾಡಿದ ಪರಿಶೀಲನೆಯ ಖರ್ಚನ್ನು ನಿಧಿ ತುಂಬಿಕೊಡುತ್ತದೆ. ಹಾನಿಯಾಗಿದೆಯೋ ಇಲ್ಲವೋ ಎಂದು ನೋಡಲು ಹೋದ ಖರ್ಚನ್ನು ಕೊಡುವುದಿಲ್ಲ. ಅಂದರೆ ನಾನು ಹೋಗಿ ನೋಡಿದ ಶಾಲೆ ಮುರಿದಿದ್ದರೆ ನಾನು ಹೋದದ್ದು ಪರಿಹಾರದ ಕೆಲಸ. ಗಟ್ಟಿಯಾಗಿದ್ದರೆ ನಾನು ಸುಮ್ಮನೆ ತಿರುಗಾಡಿ ಬಂದಂತೆ.

"ಇದೇನ್ರಿ ನ್ಯಾಯ?" ಎಂದೆ. "ಜ್ವರ ಇಲ್ಲ ಅಂತ ಹೇಳಿದ ಡಾಕ್ಟರಿಗೆ ಫೀಜು ಕೊಡಂಗಿಲ್ಲೇನ್ರಿ?"

"ಕೊಡಬೇಕು. ಯಾರ ಕಿಸೆದಾಗಿಂದ ಅನ್ನೋದು ಬ್ಯಾರೆ ಮಾತು."

"ಆ ಮನುಷ್ಯಾ ಕಾಲು ಮುರಕೊಂಡ ಬಿದ್ದಾನ್ರಿ. ಎರಡು ಹೆಣ್ಣಮಕ್ಕಳು ಅವ."

"ಚೀಟ್ಯಾಗ ಹೆಣ್ಣಮಕ್ಕಳು ಇಲ್ಲ."

ಅಷ್ಟು ಹೇಳಿ ಡಬ್ಬಿ ತೆಗೆದು, ನನಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ರೊಟ್ಟಿ ಮುರಿಯತೊಡಗಿದರು. ಶೇಂಗಾ ಹಿಂಡಿಯ ವಾಸನೆ ನನ್ನ ತಾಯಿಯ ಅಡುಗೆಮನೆಯದೇ. ಆ ವಾಸನೆ ಅಂಥವರ ಡಬ್ಬಿಯಿಂದ ಬರುತ್ತಿದೆಯಲ್ಲ ಎಂದು ಇನ್ನಷ್ಟು ಉರಿಯಿತು. ಹೊರಗೆ ಜವಾನ ಹೇಳಿದ, ಸಾಹೇಬರು ಇಪ್ಪತ್ತು ವರ್ಷದಿಂದ ಈ ಊರಲ್ಲಿದ್ದರೂ ಒಮ್ಮೆಯೂ ಹತ್ತಿರದ ವೇರೂಳಿನ ಪ್ರಸಿದ್ಧ ಗುಹೆಗಳನ್ನು ನೋಡಿಲ್ಲವಂತೆ. ಕರೆದರೆ "ಅಲ್ಲಿ ನನ್ನ ಸಹಿ ಬೇಕಾದ್ದು ಏನದ?" ಎನ್ನುತ್ತಾರಂತೆ.

ನಾಶಿಕಕ್ಕೆ ಮರಳುವ ಬಸ್ಸಿನಲ್ಲೇ ನಾನು ನಿರ್ಧರಿಸಿದೆ. ಅವರಿಗೆ ಬೇಕಾದ್ದು ಮುರಿದ ಗೋಡೆಯಲ್ಲವೇ? ಕೊಟ್ಟರಾಯಿತು. 'ಸುಸ್ಥಿತಿ' ಎಂಬುದರ ಮುಂದೆ ಅದೇ ಮಸಿಯಲ್ಲಿ ಸೇರಿಸಿದೆ: 'ಈಶಾನ್ಯ ಮೂಲೆಯೊಂದನ್ನು ಬಿಟ್ಟು, ಅಲ್ಲಿ ಮೇಲಿನಿಂದ ಕೆಳಗೆ ಬಿರುಕು.' ಅಷ್ಟಕ್ಕೇ ಬಿಡಲಿಲ್ಲ, ಒಂದು ನಕ್ಷೆಯನ್ನೂ ಬರೆದೆ. ಬಿರುಕು ಕಿಟಕಿಯ ಮೂಲೆಯಿಂದ ಹೊರಟು, ಕಲ್ಲಿನ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಿಜವಾದ ಬಿರುಕುಗಳು ಹಾಗೇ ಇಳಿಯುತ್ತವೆ. ಚೆನ್ನಾಗಿ ಬರೆದಿದ್ದೆ. ಈಗ ಕಣ್ಣು ಮುಚ್ಚಿದರೆ ಆ ಶಾಲೆಯ ಗೋಡೆ ನನಗೆ ಬಿರುಕಿನ ಸಮೇತವೇ ಕಾಣುತ್ತದೆ, ಒಂದು ಕಡೆ ಸುಣ್ಣ ಉದುರಿದ್ದೂ ಕಾಣುತ್ತದೆ. ಸುಣ್ಣ ಉದುರಿದ್ದನ್ನು ನಾನು ನಕ್ಷೆಯಲ್ಲಿ ಬರೆದಿರಲಿಲ್ಲ. ಅದು ಎಲ್ಲಿಂದ ಬಂತೋ ತಿಳಿಯದು.

ಬಿರುಕಿನ ವರದಿ ಹೋದ ಮೇಲೆ ನಮ್ಮ ಕಚೇರಿ ಶಾಲೆಯನ್ನು ಮುಚ್ಚಿಸಿತು. ಇದನ್ನು ನಾನು ಯೋಚಿಸಿರಲಿಲ್ಲ. ಮಕ್ಕಳು ಒಂದು ಗುಡಿಯ ಅಂಗಳದಲ್ಲಿ ಕೂತು ಓದತೊಡಗಿದರು. ಹೆಡ್‌ಮಾಸ್ತರರು ಬಂದು, ಬಿರುಕು ಎಲ್ಲಿದೆ ತೋರಿಸಿ, ನಾವೂ ಕಲಿಯೋಣ ಎಂದು ಮರಾಠಿಯಲ್ಲಿ ವ್ಯಂಗ್ಯವಾಡಿದರು. ಕಟ್ಟಡಶಾಸ್ತ್ರ ತಿಳಿಯದವರ ಕಣ್ಣಿಗೆ ಅದು ಕಾಣುವುದಿಲ್ಲ ಎಂದೆ. ಅವರಿಗೆ ಉತ್ತರ ಕೊಟ್ಟ ಆ ಸೊಕ್ಕನ್ನು ನೆನೆದರೆ ನನಗೆ ಈಗ ನನ್ನ ಮೇಲೂ ಸಿಟ್ಟು ಬರುತ್ತದೆ. ಆದರೆ ಈ ಬರಹ ನನ್ನ ಬಗ್ಗೆ ಅಲ್ಲ.

ಐದು ವಾರಗಳಾದ ಮೇಲೆ, ಹಣದ ದಾರಿ ಕಾಯುತ್ತಿದ್ದಾಗ, ತಪಾಸನೀಸರೇ ಬಂದರು. ಮುಂಚೆ ತಿಳಿಸದೆ, ಎಸ್‌ಟಿ ಬಸ್ಸಿನಲ್ಲಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ತಮ್ಮದೇ ನೀರಿನ ತಂಬಿಗೆ. ಕಚೇರಿಯ ಚಹಾ ಬೇಡವೆಂದರು. ಕಚೇರಿಯ ಜೀಪೂ ಬೇಡವೆಂದರು. "ನಡೀರಿ" ಎಂದು ನನ್ನನ್ನು ಶಾಲೆಯವರೆಗೆ ಬಿಸಿಲಿನಲ್ಲಿ ನಡೆಸಿದರು.

ಈಶಾನ್ಯ ಮೂಲೆಯಲ್ಲಿ ನಿಂತು, ನಕ್ಷೆಯನ್ನು ತೆಗೆದು, ಒಮ್ಮೆ ಅದನ್ನು, ಒಮ್ಮೆ ಗೋಡೆಯನ್ನು ನೋಡಿದರು. ಆಮೇಲೆ ಆ ಉಗುರನ್ನು ಕಲ್ಲಿನ ಸಂದಿಗೆ ಇಟ್ಟು, ಕಿಟಕಿಯ ಮೂಲೆಯಿಂದ ನೆಲದವರೆಗೆ, ನಾನು ಬರೆದ ದಾರಿಯಲ್ಲೇ ನಿಧಾನವಾಗಿ ಎಳೆದರು. ಸುಣ್ಣದ ಮೇಲೆ ಸಣ್ಣ ಗೆರೆ ಬಿತ್ತು. ಇನ್ನೇನೂ ಇರಲಿಲ್ಲ.

"ಎಲ್ಲಿ ಅದ?"

"ಅಲ್ಲೇ ಇತ್ತರಿ."

"ಇತ್ತು? ಮತ್ತ ಈಗ ರಜಾ ಹಾಕಿ ಊರಿಗೆ ಹೋಗೇದೇನು?"

ಹೆಡ್‌ಮಾಸ್ತರರು ದೂರದಿಂದ ನೋಡುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ನಕ್ಕರು. ನಾನು ಕೂಗಾಡಿದೆ. ಸುಳ್ಳು ಬರೆದೆ, ಹೌದು, ಆದರೆ ಒಬ್ಬ ಬಡವನ ಕಾಲಿಗಾಗಿ ಬರೆದೆ, ನಿಮ್ಮ ಸುತ್ತೋಲೆ ಬರೆಯಿಸಿತು ಎಂದೆ. ಅವರು ಛತ್ರಿಯನ್ನು ಗೋಡೆಗೆ ಒರಗಿಸಿಟ್ಟು ಪೂರ್ತಿ ಕೇಳಿದರು.

"ಗೋಡಿ ಗಟ್ಟಿ ಅದ ಅಂತ ನೋಡಿ ಬರೋದು ನಿಮ್ಮ ಕಚೇರಿ ರೋಜಿನ ಕೆಲಸ" ಎಂದರು. "ರೋಜಿನ ಕೆಲಸದಾಗ ಬಿದ್ದವನಿಗೆ ನಿಮ್ಮ ಕಚೇರಿನೇ ಕೊಡಬೇಕು, ತನ್ನ ದುರಸ್ತಿ ಬಾಬತ್ತಿನಿಂದ. ವರ್ಷಾ ವರ್ಷಾ ಆ ಬಾಬತ್ತಿಗೆ ಹಣ ಬರ್ತದ. ನನ್ನ ಕಡೆ ಬರೋ ಕಾರಣನೇ ಇದ್ದಿಲ್ಲ. ನೀವು ಬಿರುಕು ಅಂತ ಬರದ ಕೂಡಲೇ ಇದು ಪರಿಹಾರದ ಕೆಲಸ ಆತು. ಆ ಬಾಗಿಲಾ ನೀವೇ ಮುಚ್ಚಿದ್ರಿ. ನನ್ನ ಬಾಗಿಲಾ ಮೊದಲೇ ಮುಚ್ಚಿತ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯಾರ ಕಿಸೆಯಿಂದ ಎಂದು ಅವರು ಅಂದು ಹೇಳಿದ್ದು ಚುಚ್ಚುಮಾತು ಎಂದುಕೊಂಡಿದ್ದೆ. ಅದೇ ಉತ್ತರವಾಗಿತ್ತು. ನನ್ನ ಪುಸ್ತಕದಲ್ಲಿ ಮೊದಲು ಬರೆದ 'ಸುಸ್ಥಿತಿ' ಎಂಬ ಒಂದೇ ಶಬ್ದ ಗೌಂಡಿಗೆ ಸಲಾಕೆ ತರುತ್ತಿತ್ತು. ಅದನ್ನು ನಾನು ಕೆಡಿಸಿದ್ದೆ.

"ಅವತ್ತೇ ಹೇಳಬಹುದಿತ್ತಲ್ರಿ!" ಎಂದೆ. "ಒಂದು ಮಾತು!"

"ನೀವು ಕೇಳಿದ್ದು ಪರಿಹಾರ ನಿಧಿಯಿಂದ ಸಿಗತದೇನು ಅಂತ. ಇಲ್ಲ ಅಂದೆ. ಬ್ಯಾರೆ ಎಲ್ಲಿಂದರ ಸಿಗತದೇನು ಅಂತ ಕೇಳಲಿಲ್ಲ."

ಇದನ್ನು ಓದುವವರಲ್ಲಿ ಕೆಲವರು ಇದು ಶಿಸ್ತು ಎನ್ನಬಹುದು. ನಾನು ಇದಕ್ಕೆ ಕ್ರೌರ್ಯ ಎನ್ನುತ್ತೇನೆ. ಬಾವಿಯ ದಾರಿ ಬಲ್ಲವನು ಬಾಯಾರಿದವನ ವ್ಯಾಕರಣ ತಿದ್ದುತ್ತ ಕೂಡಬಾರದು. ಅಂದು ಅವರ ಕತ್ತಿನ ಪಟ್ಟಿ ಹಿಡಿಯಬೇಕೆಂದು ನನ್ನ ಕೈ ಎದ್ದಿತ್ತೆಂದು ನೆನಪು. ಎದ್ದಿತ್ತೋ, ಎದ್ದಿದ್ದರೆ ಚೆನ್ನಾಗಿತ್ತೆಂದು ಆಮೇಲೆ ಅನಿಸಿತೋ.

ಅವರು ಶಾಲೆಯ ಜಗುಲಿಯ ಮೇಲೆ ಕೂತು ಒಂದು ಕಾಗದ, ಪೆನ್ನು ನನ್ನ ಮುಂದಿಟ್ಟರು. "ಎರಡು ಸಾಲು ಬರೀರಿ. ಬಿರುಕು ಇದ್ದಿಲ್ಲ, ನಾ ಸುಳ್ಳ ಬರದೀನಿ. ಇದೊಂದು. ಗೌಂಡಿ ನನ್ನ ಹುಕುಮಿನ ಮ್ಯಾಲ ನಿಚ್ಚಣಿಕಿ ಹತ್ತಿದ. ಇದೊಂದು. ಎರಡೂ ಇದ್ರ ನಿಮ್ಮ ಕಚೇರಿ ಬಾಬತ್ತು ಮತ್ತ ತೆರೀತದ."

"ಬರದ್ರ ನನ್ನ ನೌಕರಿ?"

"ಪ್ರೊಬೇಷನ್ನಿನಾಗ ಅದೀರಿ. ಉಳಿಯಂಗಿಲ್ಲ."

ಮೊದಲ ಸಾಲನ್ನು ಬರೆಯುವುದು ಕಷ್ಟವಾಯಿತು, ಆದರೆ ಅದು ನಿಜ. ಎರಡನೆಯದರ ಮುಂದೆ ನಿಂತೆ. "ಇದು ನಿಜ ಅಲ್ಲರಿ. ನಾ ಏನೂ ಹುಕುಮ್ ಮಾಡಿದ್ದಿಲ್ಲ. ಅವ ತಾನಾಗೇ ಹತ್ತಿದ."

ಅವರು ನನ್ನನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು. ಹೆಡ್‌ಮಾಸ್ತರರು ತಂದಿಟ್ಟ ನೀರಿನ ಲೋಟವನ್ನು ಮುಟ್ಟದೆ ತಂಬಿಗೆಯಿಂದ ಒಂದು ಗುಟುಕು ಕುಡಿದರು. "ಬರೀತೀರೋ, ಹೋಗಲೋ? ನಾಲ್ಕೂವರಿಗೆ ಬಸ್ಸ ಅದ."

ಬರೆದೆ. ಸಹಿ ಹಾಕಿದೆ. ಹಾಕುವಾಗ ಮನಸ್ಸಿನಲ್ಲಿ ಒಂದು ವಿಚಿತ್ರ ಗೆಲುವು ಇತ್ತು. ಬಿರುಕಿನ ಸುಳ್ಳಿಗೆ ನನ್ನನ್ನು ಬಿಸಿಲಲ್ಲಿ ನಡೆಸಿದ ಈ ಸತ್ಯವಂತರು, ತಮಗೆ ಬೇಕಾದಾಗ ತಾವೇ ಒಂದು ಸುಳ್ಳನ್ನು ಹೇಳಿ ಬರೆಯಿಸುತ್ತಿದ್ದಾರೆ. ಅವರ ನಿಯಮದ ಬೆಲೆ ಇಷ್ಟೇ.

ನಮ್ಮ ಕಚೇರಿ ಗೌಂಡಿಗೆ ಹಣ ಕೊಟ್ಟಿತು. ಸಲಾಕೆ ಬಂತು. ಆದರೆ ಅಷ್ಟರಲ್ಲಿ ಮೂಳೆ ಸೊಟ್ಟಗೆ ಕೂಡತೊಡಗಿತ್ತು. ಡಾಕ್ಟರು ಮತ್ತೆ ಬಿಡಿಸಿ ಕೂಡಿಸಿದರು. ಕಾಲು ಎರಡು ಬೆರಳು ಗಿಡ್ಡವಾಯಿತು. ಶಾಲೆ ತೆರೆಯಿತು. ನನ್ನನ್ನು ನೌಕರಿಯಿಂದ ತೆಗೆದರು. ಆದೇಶದ ಜೊತೆ ನನ್ನ ಹೇಳಿಕೆಯ ಪ್ರತಿ ಇತ್ತು.

ಕೆಲವು ತಿಂಗಳು ಅಲೆದು, ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ವಸಾಹತಿನಲ್ಲಿ ಕಟ್ಟಡ ನೋಡಿಕೊಳ್ಳುವ ಕೆಲಸ ಹಿಡಿದೆ. ಅಲ್ಲಿ ಧಾರವಾಡ, ಮೈಸೂರು, ಬೀದರಿನ ಕನ್ನಡಿಗರು ತುಂಬ ಇದ್ದರು. ಚಹಾದ ಹೊತ್ತಿಗೆ ನಾನು ತಪಾಸನೀಸರ ಕತೆ ಹೇಳುತ್ತಿದ್ದೆ. ಕುರ್ಚಿಯಿಲ್ಲದ ಮೇಜು, ಊರಿಗೆ ಹೋದ ಬಿರುಕು, ಎಲ್ಲವನ್ನೂ ಅವರ ದನಿಯಲ್ಲೇ ಮಾಡಿ ತೋರಿಸುತ್ತಿದ್ದೆ. ಕೊನೆಗೆ, "ಅಂಥಾ ಮನುಷ್ಯಾನೂ ಕಡೀಗೆ ನನ್ನ ಕೈಲೆ ಒಂದು ಸುಳ್ಳ ಬರಸಿದ ನೋಡ್ರಿ!" ಎಂದು ಮುಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಪ್ರತಿ ಸಲ ಹೇಳಿದಾಗಲೂ ಕತೆ ಸ್ವಲ್ಪ ಚೆನ್ನಾಗುತ್ತಿತ್ತು. ನನಗೆ ಅದರಿಂದಲೇ ಎಚ್ಚರವಾಗಬೇಕಿತ್ತು.

ಐದಾರು ವರ್ಷದ ಮೇಲೆ ವಸಾಹತಿನ ಆವರಣ ಗೋಡೆಯ ಕೆಲಸಕ್ಕೆ ಗುತ್ತಿಗೆದಾರ ಕರೆತಂದ ಗುಂಪಿನಲ್ಲಿ ಆ ಗೌಂಡಿ ಇದ್ದ. ಕುಂಟುತ್ತಿದ್ದ. ಏಣಿಯ ಕೆಲಸ ಬಿಟ್ಟು ನೆಲಮಟ್ಟದ ಕೆಲಸ ಮಾಡುತ್ತಿದ್ದ. ನನ್ನನ್ನು ಗುರುತಿಸಿ ಕರಣೆ ಕೆಳಗಿಟ್ಟ. ದೊಡ್ಡ ಮಗಳ ಮದುವೆಯಾಯಿತೆಂದು ಹೇಳಿದ. ಮಾತು ತಪಾಸನೀಸರತ್ತ ತಿರುಗಲಿ ಎಂದು ನಾನೇ ಎಳೆದೆ. ನನ್ನ ಸಿಟ್ಟಿಗೆ ಅವನಷ್ಟು ಹಕ್ಕುದಾರ ಜೊತೆಗಾರ ಇನ್ನಾರು ಸಿಗಬೇಕು?

"ಆ ಔರಂಗಾಬಾದಿನ ಮನುಷ್ಯಾ ಅವತ್ತೇ ಹೇಳಿದ್ರ ನಿನ್ನ ಕಾಲು ನೆಟ್ಟಗ ಇರ್ತಿತ್ತು" ಎಂದೆ.

"ಯಾರ್ರಿ? ಕರಿ ಟೊಪ್ಪಿಗಿ ಸಾಹೇಬ್ರಾ? ಛತ್ರಿ ಹಿಡದವರು?"

"ಅವರನ್ನ ನೀ ಎಲ್ಲಿ ನೋಡಿದಿ?"

"ದವಾಖಾನಿಗೆ ಬಂದಿದ್ರಲ್ಲರಿ. ಮುಂಜಾನಿ ಬಸ್ಸ ಇಳದು ಸೀದಾ ಅಲ್ಲೇ ಬಂದ್ರು. ಖಾಟಿನ ಬಾಜೂಕ ನಿಂತು ಒಂದೇ ಮಾತು ಕೇಳಿದ್ರು. ನಿಚ್ಚಣಿಕಿ ಹತ್ತು ಅಂದವರು ಯಾರು ಅಂತ."

"ನೀ ಏನಂದಿ?"

ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. "ನೀವು ಅಂತ ಅಂದೆ. ಮತ್ತ್ಯಾರು ಇದ್ರರಿ ಅಲ್ಲಿ?"

"ನೀನೇ ಹತ್ತಿದ್ದಿ, ಗೌಂಡಿ."

"ಅಯ್ಯ ಸಾಹೇಬ್ರ." ಅವನಿಗೆ ಸಿಟ್ಟು ಬಂದಿರಲಿಲ್ಲ, ಸಣ್ಣ ಮಕ್ಕಳಿಗೆ ತಿಳಿಹೇಳುವಂತೆ ಹೇಳಿದ. "ನಾ ಬ್ಯಾಡ ಅಂದೆ. ಕೆಳಗ ಚಿಖಲ್ ಅದ, ನಿಚ್ಚಣಿಕಿ ನಿಲ್ಲಂಗಿಲ್ಲ, ನಾಳಿ ಹಲಗಿ ಹಾಕಿ ಹತ್ತೂನು ಅಂದೆ. ನೀವು ಗಡಿಯಾರ ನೋಡಿ, ಹತ್ತೋ ಮಾರಾಯಾ, ಇನ್ನೂ ಎರಡು ಶಾಳಿ ಅವ ಅಂದ್ರಿ. ನನ್ನ ಹೆಂಡತಿಗೂ ಗೊತ್ತದ. ಊರಿಗೆಲ್ಲ ಗೊತ್ತದ." ಮತ್ತೆ ಕರಣೆ ಎತ್ತಿಕೊಂಡು, "ನೀವು ಅದನ್ನ ಬರದ ಕೊಟ್ರಿ ಅಂತನೇ ನಾ ನಿಮ್ಮ ಮ್ಯಾಲ ಸಿಟ್ಟ ಇಟ್ಟಿಲ್ಲ. ಬ್ಯಾರೆ ಸಾಹೇಬ್ರು ಒಪ್ಪತಿದ್ದಿಲ್ಲ" ಎಂದ.

ಆ ವಾರವೇ ರಜೆ ಹಾಕಿ ಔರಂಗಾಬಾದಿಗೆ ಹೋದೆ. ಜಗಳವಾಡಲೆಂದೇ ಹೋದೆ. ಶಾಲೆಯ ಜಗುಲಿಯ ಮೇಲೆ ನಾನು 'ಇದು ನಿಜ ಅಲ್ಲರಿ' ಎಂದಾಗ ಅವರಿಗೆ ಗೊತ್ತಿತ್ತು. ಬೆಳಿಗ್ಗೆಯೇ ಕೇಳಿಕೊಂಡು ಬಂದಿದ್ದರು. ಆದರೆ ಒಂದು ಮಾತೂ ಆಡದೆ ನೀರು ಕುಡಿಯುತ್ತ ಕೂತರು, ನಾನು ನಿಜವನ್ನು ಸುಳ್ಳೆಂದುಕೊಂಡು ಬರೆಯುವುದನ್ನು ನೋಡುತ್ತ ಕೂತರು. ಯಾವ ಹಕ್ಕಿನಿಂದ?

ತಾತ್ಕಾಲಿಕ ಕಚೇರಿ ಎಂದೋ ಮುಚ್ಚಿತ್ತು. ವಿಚಾರಿಸಿಕೊಂಡು ಹಳೆಯ ಊರಿನ ಒಂದು ದರವಾಜೆಯ ಒಳಗಿನ ಗಲ್ಲಿಯಲ್ಲಿ ಮನೆ ಹುಡುಕಿದೆ. ಬಾಗಿಲು ತೆರೆದವರು ಅವರ ಹೆಂಡತಿ. ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದರು. ಎದೆಯ ನೋವು, ಒಂದೇ ದಿನ. ಊರಿಗೆ ಒಯ್ಯದೆ ಇಲ್ಲಿಯೇ ಮಣ್ಣು ಮಾಡಿದರಂತೆ.

"ಕಚೇರಿಯವರೇನ್ರಿ?" ಎಂದು ಕೇಳಿದರು.

"ಅಲ್ಲರಿ. ಅವರು ನನ್ನ ನೌಕರಿ ಕಳದ್ರು." ಯಾಕೆ ಹಾಗೆ ಹೇಳಿದೆನೋ. ಸುಮ್ಮನೆ ನಮಸ್ಕಾರ ಮಾಡಿ ಹೊರಡಬಹುದಿತ್ತು.

"ಹೌದೇನ್ರಿ" ಎಂದರು, ನಾನು ಯಾವುದೋ ಊರಿನ ಹೆಸರು ಹೇಳಿದೆನೇನೋ ಎನ್ನುವಂತೆ. "ಬರ್ರಿ, ಚಾ ಕುಡೀರಿ. ಅವರು ಹೋದಮ್ಯಾಲ ಮೂರು ಮಂದಿ ಬಂದಾರ, ಮೂರೂ ಮಂದಿ ಜಗಳದವರೇ. ಬೇಕಾದವರು ಒಬ್ಬರೂ ಬರಲಿಲ್ಲ."

ಚಾಪೆಯ ಮೇಲೆ ಕೂತೆ. ಚಹಾ ತುಂಬ ಸಿಹಿಯಾಗಿತ್ತು.

"ಏನು ಕೇಳೋದಿತ್ತರಿ ಅವರಿಗೆ?"

"ಗೊತ್ತಿದ್ದೂ ಯಾಕ ಹೇಳಂಗಿಲ್ಲ ಅಂತ."

ಆಕೆ ನಕ್ಕರು. ನಾಲ್ಕು ತಿಂಗಳ ವಿಧವೆ ಹಾಗೆ ನಕ್ಕದ್ದು ನನಗೆ ಇಷ್ಟವಾಯಿತು. "ನಾನೂ ಮೂವತ್ತು ವರ್ಷ ಅದನ್ನೇ ಕೇಳೀನ್ರಿ. ನನಗ ಹೇಳಲಿಲ್ಲ, ನಿಮಗ ಹೇಳತಿದ್ರೇನು?"

ಅಂದು ಸಂಜೆಯ ಬಸ್ಸಿಗೇ ಮರಳಿದೆ. ಆಮೇಲೆ ಕಾರ್ಖಾನೆಯಲ್ಲಿ ಕತೆ ಹೇಳುವುದನ್ನು ಬಿಟ್ಟೆ. ಕೇಳಿದವರಿಗೆ, ಮರೆತಿದ್ದೇನೆ ಎನ್ನುತ್ತಿದ್ದೆ.

ಅವರನ್ನು ನಾನು ಕ್ಷಮಿಸಿಲ್ಲ. ಎರಡು ಬೆರಳು ಗಿಡ್ಡವಾದ ಕಾಲಿನ ಪಾಲು ಅವರಿಗೂ ಇದೆ. ಆ ಚೀಟಿಯ ದಿನ ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಉಳಿದ ಪಾಲು ಯಾರದೆಂಬುದಕ್ಕೆ ಅವರು ನನ್ನ ಕೈಯಿಂದಲೇ ಬರೆಯಿಸಿ ಇಟ್ಟು ಹೋದರು. 'ಹತ್ತೋ ಮಾರಾಯಾ' ಎಂದು ನಾನು ಹೇಳಿದ್ದು ನನಗೆ ಇವತ್ತಿಗೂ ನೆನಪಿಲ್ಲ. ಎಷ್ಟು ಹುಡುಕಿದರೂ ಆ ಶಾಲೆಯಲ್ಲಿ ನನ್ನ ದನಿ ಕೇಳುವುದಿಲ್ಲ, ಗಡಿಯಾರ ಕಾಣುವುದಿಲ್ಲ, ಇಲ್ಲದ ಬಿರುಕು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಗೌಂಡಿಗೆ ನಾನು ಮಾಡಿದ್ದು ಏನೆಂದು ತಿಳಿಯಲು ನನ್ನ ಬಳಿ ಇರುವುದು ನೌಕರಿ ಕಳೆದ ಆ ಆದೇಶದ ಜೊತೆ ಬಂದ ಒಂದು ಪ್ರತಿ. ಅದರ ಎರಡನೆಯ ಸಾಲನ್ನು ನಾನು ಸುಳ್ಳೆಂದು ತಿಳಿದೇ ಬರೆದಿದ್ದೆ. ಕೆಳಗೆ ನನ್ನ ಸಹಿ ಇದೆ.